ಬೆಲ್‌ಗ್ರೇಡಿನ ಸೇಂಟ್ ಸಾವಾ ಚರ್ಚು ಯಾರದು? ಸರ್ಬರದೋ, ರಷ್ಯಾದವರದೋ?

ಪುತ್ತೂರ್ ಪಯಣಿಗ
ಇದನ್ನ ಪ್ರವಾಸದ ವಿಭಾಗದಲ್ಲಿ ಹಾಕಬೇಕಿತ್ತೋ ಏನೋ. ಕಟ್ಟಡದ ವಿಷಯ ತಿಳಿದವರು ಇಲ್ಲೇ ಜಾಸ್ತಿ, ಅದಕ್ಕೆ ಇಲ್ಲಿ ಕೇಳ್ತಿದ್ದೇನೆ.

2022ರ ಅಕ್ಟೋಬರಿನಲ್ಲಿ ಬೆಲ್‌ಗ್ರೇಡಿಗೆ ಹೋಗಿದ್ದೆ. ಆಗ ನಮಗೆ ಸರ್ಬಿಯಾಕ್ಕೆ ವೀಸಾ ಬೇಕಿರಲಿಲ್ಲ, ಟಿಕೆಟ್ಟೂ ಅಗ್ಗಕ್ಕೆ ಸಿಕ್ಕಿತ್ತು. ವ್ರಾಚಾರ್ ಗುಡ್ಡದ ಮೇಲಿನ ಸೇಂಟ್ ಸಾವಾ ಚರ್ಚು ನೋಡಿ ಬಾಯಿ ತೆರೆದು ನಿಂತೆ. ಹೊರಗೆ ಬಿಳಿ ಕಲ್ಲು, ಹಸಿರು ಗುಮ್ಮಟ. ಒಳಗೆ ಎಲ್ಲಿ ತಿರುಗಿದರೂ ಬಂಗಾರದ ಬಣ್ಣದ ಮೊಸಾಯಿಕ್, ಅಂದ್ರೆ ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರ. ಗೈಡ್ ಹುಡುಗಿ "ಇದು ರಷ್ಯಾದವರು ಮಾಡಿಕೊಟ್ಟದ್ದು" ಅಂದಳು. ರಾತ್ರಿ ನಾನು ಉಳಿದಿದ್ದ ಮನೆಯ ಯಜಮಾನರಿಗೆ ಅದನ್ನೇ ಹೇಳಿದೆ. ಅವರ ಮುಖ ಕೆಂಪಾಯಿತು. "ಗೋಡೆಯಲ್ಲಿ ಒಂದು ಇಟ್ಟಿಗೆಯೂ ಅವರದಲ್ಲ" ಅಂತ ಅರ್ಧ ಗಂಟೆ ಬೈದರು. ಬೈದು ಮುಗಿಸಿ ಊಟ ಹಾಕಿದರು, ಅದು ಬೇರೆ ವಿಷಯ.

ಮರುದಿನ ತಾಷ್ಮೈದಾನ್ ಪಾರ್ಕಿನ ಹತ್ತಿರ ಇನ್ನೊಂದು ತಮಾಷೆ. ಸೇಂಟ್ ಮಾರ್ಕ್ ಅನ್ನೋ ದೊಡ್ಡ ಚರ್ಚಿನ ಬೆನ್ನಿಗೇ ಒಂದು ಪುಟ್ಟ ಬಿಳಿ ಚರ್ಚು. ದೊಡ್ಡದು ಸರ್ಬರದು, ಪುಟ್ಟದು ರಷ್ಯಾದವರದಂತೆ. ಎರಡೂ ಆರ್ಥೊಡಾಕ್ಸ್ ಅನ್ನೋ ಕ್ರೈಸ್ತ ಪಂಗಡದವು. ಆದರೆ ಕಟ್ಟಿದ ರೀತಿ ಬೇರೆ ಬೇರೆ.

ಹಾಗಾದರೆ ಈ ಎರಡು ದೇಶದವರು ಚರ್ಚಿನ ನಕ್ಷೆಯನ್ನ ಸೇರಿ ಹಾಕ್ತಾರಾ? ಅಥವಾ ಒಬ್ಬರು ಕಟ್ಟೋದು, ಇನ್ನೊಬ್ಬರು ಬಣ್ಣ ಹಚ್ಚೋದು, ಆಮೇಲೆ ಇಬ್ಬರೂ ನಂದು ನಂದು ಅನ್ನೋದಾ?

ಬೆಣ್ಣೆದೋಸೆ ಬಸಣ್ಣ
ಕೊನೆಯ ಸಾಲು ಥೇಟ್ ನಮ್ಮೂರ ಜಾತ್ರೆ ಕಮಿಟಿ ಕಥೆ 😀

ಕಟ್ಟಡದ ಹುಚ್ಚ
ಗೈಡೂ ಸರಿ, ಮನೆ ಯಜಮಾನರೂ ಸರಿ. ಒಬ್ಬರು ಗೋಡೆ ನೋಡಿ ಮಾತಾಡಿದ್ದಾರೆ, ಒಬ್ಬರು ಗೋಡೆಯ ಒಳಮೈ ನೋಡಿ.

ನಕ್ಷೆ ಪೂರ್ತಿ ಸರ್ಬರದು. 1905ರಲ್ಲಿ ಮೊದಲ ಸ್ಪರ್ಧೆ ಕರೆದರು, ಬಂದ ನಕ್ಷೆ ಒಂದೂ ಹಿಡಿಸಲಿಲ್ಲ. ಆಮೇಲೆ ಯುದ್ಧಗಳು. 1926ರಲ್ಲಿ ಮತ್ತೆ ಕರೆದರು. ಆಗ ಮೊದಲ ಬಹುಮಾನ ಯಾರಿಗೂ ಕೊಡಲಿಲ್ಲ, ಬೊಗ್ದಾನ್ ನೆಸ್ತೊರೊವಿಚ್‌ಗೆ ಎರಡನೆಯದು ಸಿಕ್ಕಿತು. ಕೊನೆಗೆ ಅವರ ನಕ್ಷೆಯನ್ನೂ ಅಲೆಕ್ಸಾಂಡರ್ ದೆರೊಕೊ ಅವರ ನಕ್ಷೆಯನ್ನೂ ಸೇರಿಸಿ ಒಂದು ಮಾಡಿದರು. 1935ರಲ್ಲಿ ಕೆಲಸ ಶುರುವಾಯಿತು. 1941ರಲ್ಲಿ ಜರ್ಮನ್ನರು ಬಂದಾಗ ಗೋಡೆ ಸುಮಾರು ಹತ್ತು ಮೀಟರ್ ಎದ್ದಿತ್ತು, ಅಷ್ಟೇ. ಜರ್ಮನ್ ಸೈನ್ಯ ಅದರೊಳಗೆ ಗಾಡಿ ನಿಲ್ಲಿಸಿಕೊಂಡಿತು. ಯುದ್ಧ ಮುಗಿದ ಮೇಲೆ ಕಮ್ಯುನಿಸ್ಟ್ ಸರ್ಕಾರ ಅನುಮತಿ ಕೊಡಲಿಲ್ಲ. ಮತ್ತೆ ಕೆಲಸ ಶುರುವಾಗಿದ್ದು 1985ರಲ್ಲಿ, ಬ್ರಾಂಕೊ ಪೆಶಿಚ್ ಅವರ ಕೈಯಲ್ಲಿ. ಅವರೂ ಸರ್ಬರೇ.

ಒಳಗಿನ ಮೊಸಾಯಿಕ್ ಮಾತ್ರ ರಷ್ಯಾದ್ದು. ನಿಕೊಲಾಯ್ ಮುಖಿನ್ ಅನ್ನೋ ರಷ್ಯನ್ ಕಲಾವಿದರ ಕಲ್ಪನೆ. ಗುಮ್ಮಟದ ಮೊಸಾಯಿಕ್ಕಿಗೆ ದುಡ್ಡು ಕೊಟ್ಟದ್ದು ಗಾಜ್‌ಪ್ರೊಮ್ ನೆಫ್ಟ್, ರಷ್ಯಾದ ಗ್ಯಾಸ್ ಕಂಪನಿ ಗಾಜ್‌ಪ್ರೊಮ್‌ನ ಎಣ್ಣೆ ವಿಭಾಗ. ಗುಮ್ಮಟದ ಒಳಗಿನದು ಒಂದೇ ಸುಮಾರು 1,200 ಚದರ ಮೀಟರ್, ತೂಕ 40 ಟನ್. 2018ರ ಫೆಬ್ರವರಿಯಲ್ಲಿ ಅದನ್ನ ತೋರಿಸಿದಾಗ ರಷ್ಯಾದ ವಿದೇಶಾಂಗ ಮಂತ್ರಿ ಲಾವ್ರೋವ್ ಬಂದಿದ್ದರು. 2019ರ ಜನವರಿಯಲ್ಲಿ ಪುಟಿನ್ ಬಂದು ಒಂದು ಚೂರು ತಾವೇ ಅಂಟಿಸಿ ಹೋದರು.

ನೇರ ಮಾತು
ಅಂದ್ರೆ ಸಹಕಾರ ಗಿಹಕಾರ ಏನಿಲ್ಲ. ಗ್ಯಾಸ್ ಕಂಪನಿ ದುಡ್ಡು ಹಾಕಿತು, ಹೆಸರು ತಗೊಂಡಿತು. ಸರ್ಬಿಯಾದ ಎಣ್ಣೆ ಕಂಪನಿಯಲ್ಲೂ ಅದೇ ಗಾಜ್‌ಪ್ರೊಮ್ ನೆಫ್ಟ್ ದೊಡ್ಡ ಪಾಲು ಇಟ್ಟುಕೊಂಡಿತ್ತು, ಗೊತ್ತಲ್ಲ. ದೇವರ ಮನೆಗೆ ಟೈಲ್ಸ್ ಹಾಕಿಸಿಕೊಟ್ಟು ಮನೆ ಯಜಮಾನನ ಕೈ ಕಟ್ಟಿಹಾಕೋದು ಹೊಸದೇನಲ್ಲ.

ಕಟ್ಟಡದ ಹುಚ್ಚ
ದುಡ್ಡಿನ ರಾಜಕೀಯ ಇಲ್ಲ ಅಂತ ನಾನು ಹೇಳಲಿಲ್ಲ. ಆದರೆ ಮೊಸಾಯಿಕ್ಕನ್ನ ಟೈಲ್ಸ್ ಅನ್ನಬೇಡಿ, ಹೊಟ್ಟೆ ಉರಿಯುತ್ತೆ.

ಸೆಂಟ್ರಿಂಗ್ ಸೀನ
ಯಾರೂ ಗುಮ್ಮಟದ ಮಾತೇ ಎತ್ತಲಿಲ್ಲವಲ್ಲ! ನಾನು ಸೈಟ್ ಎಂಜಿನಿಯರ್. ಸ್ಲ್ಯಾಬ್ ಹಾಕೋ ದಿನ ನಾಲ್ಕು ಲಾರಿ ಕಾಂಕ್ರೀಟ್ ತಡವಾದರೆ ನನಗೆ ಬಿಪಿ ಏರುತ್ತೆ. ಅವರು 4,000 ಟನ್ ಗುಮ್ಮಟವನ್ನ ನೆಲದ ಮೇಲೇ ಕಟ್ಟಿದರು. ಮೇಲೆ ತಾಮ್ರದ ತಗಡು ಹೊದಿಸಿ, ಶಿಲುಬೆಯನ್ನೂ ನೆಟ್ಟರು. ಆಮೇಲೆ ಇಡೀ ಗುಮ್ಮಟವನ್ನ ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎತ್ತಿದರು. ನಲವತ್ತು ದಿನ ಹಿಡಿಯಿತು. 1989ರ ಜೂನ್ 26ಕ್ಕೆ ಜಾಗಕ್ಕೆ ಕೂತಿತು. ಆ ಎತ್ತರಕ್ಕೆ ಸೆಂಟ್ರಿಂಗ್ ಕಟ್ಟಿ ಕಾಂಕ್ರೀಟ್ ಹಾಕೋ ಬದಲು ಹೀಗೆ ಯೋಚಿಸಿದ ಪೆಶಿಚ್ ಅವರಿಗೆ ಒಂದು ನಮಸ್ಕಾರ. ಇದರಲ್ಲಿ ರಷ್ಯಾದವರು ಎಲ್ಲಿ ಬಂದರು? ಮನೆ ಯಜಮಾನರಿಗೆ ಸಿಟ್ಟು ಬಂದದ್ದು ನ್ಯಾಯ.

ಸುಮ್ನೆ ಕೇಳ್ದೆ
ದೆರೊಕೊ ಅವರು ಅದನ್ನ ನೋಡಿದರಾ?

ಕಟ್ಟಡದ ಹುಚ್ಚ
ಇಲ್ಲ. ಅವರು ಹುಟ್ಟಿದ್ದು 1894, ತೀರಿಕೊಂಡಿದ್ದು 1988ರ ನವೆಂಬರಿನಲ್ಲಿ. ನಿಂತ ಕೆಲಸ ಮತ್ತೆ ಶುರುವಾಗಿದ್ದು ನೋಡಿದರು. ಗುಮ್ಮಟ ಏರೋಕೆ ಇನ್ನೊಂದು ಏಳು ತಿಂಗಳು ಬೇಕಿತ್ತು.

ಸುಮ್ನೆ ಕೇಳ್ದೆ
ಛೇ.

ಗೀತಾ, ಮೈಸೂರು
ಎಲ್ಲರೂ ಸೇಂಟ್ ಸಾವಾ ಒಂದನ್ನೇ ಹಿಡ್ಕೊಂಡಿದ್ದೀರಿ. ಎರಡು ದೇಶದವರು ನಿಜವಾಗಿ ಒಂದೇ ಮೇಜಿನ ಮೇಲೆ ನಕ್ಷೆ ಹಾಕಿದ ಕಾಲ 1920, 30ರ ದಶಕ. ಅದರ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಬೇಜಾರಾದರೆ ದಾಟಿ ಹೋಗಿ.

ರಷ್ಯಾದಲ್ಲಿ ಕ್ರಾಂತಿಯಾದ ಮೇಲೆ ಹತ್ತಾರು ಸಾವಿರ ಜನ ಓಡಿಬಂದು ಸರ್ಬಿಯಾ ಸೇರಿದರು. ಅವರಲ್ಲಿ ಒಳ್ಳೊಳ್ಳೆ ವಾಸ್ತುಶಿಲ್ಪಿಗಳಿದ್ದರು. ಯುದ್ಧದಲ್ಲಿ ಊರೆಲ್ಲ ಹಾಳಾಗಿತ್ತು, ಕಟ್ಟುವವರು ಬೇಕಿತ್ತು. ಇವರಿಗೆ ಕೆಲಸ ಬೇಕಿತ್ತು. ಸರ್ಕಾರದ ಕಟ್ಟಡ ಇಲಾಖೆಯಲ್ಲಿ ಸಂಬಳಕ್ಕೆ ಸೇರಿಕೊಂಡರು. ನಿಕೊಲಾಯ್ ಕ್ರಾಸ್ನೋವ್ ಹೆಸರು ಕೇಳಿರಬಹುದು. ಯಾಲ್ಟಾದಲ್ಲಿ ಕೊನೆಯ ಝಾರ್‌ಗೆ ಲಿವಾದಿಯಾ ಅರಮನೆ ಕಟ್ಟಿಕೊಟ್ಟವರು. 1945ರ ಯಾಲ್ಟಾ ಸಮ್ಮೇಳನ ನಡೆದಿದ್ದು ಅದೇ ಅರಮನೆಯಲ್ಲಿ. ಅಂಥವರು ದೇಶ ಬಿಟ್ಟು, ಮಾಲ್ಟಾ ಸುತ್ತಿ, 1922ರಲ್ಲಿ ಬೆಲ್‌ಗ್ರೇಡಿಗೆ ಬಂದು ಗುಮಾಸ್ತರ ಹಾಗೆ ಮೇಜಿನ ಮುಂದೆ ಕೂತರು. ಸತ್ತದ್ದೂ ಅಲ್ಲೇ, 1939ರಲ್ಲಿ.

ಕ್ರಾಸ್ನೋವ್ ಅಲ್ಲಿ ರಷ್ಯನ್ ಚರ್ಚು ಕಟ್ಟಲಿಲ್ಲ, ಅದೇ ಇದರ ಸ್ವಾರಸ್ಯ. ತೊಪೊಲಾದ ಒಪ್ಲೆನಾತ್ಸ್ ಗುಡ್ಡದ ಮೇಲೆ ರಾಜಮನೆತನದ ಚರ್ಚು ಇದೆ. ಅದರ ನಕ್ಷೆ ಕೊಸ್ತಾ ಯೊವಾನೊವಿಚ್ ಅನ್ನೋ ಸರ್ಬರದು. ಒಳಗಿನ ಅಲಂಕಾರದ ಎಷ್ಟೋ ವಿವರ ಕ್ರಾಸ್ನೋವ್ ಬಿಡಿಸಿದ್ದು. ಗೋಡೆ ತುಂಬ ಮೊಸಾಯಿಕ್: 725 ಚಿತ್ರಗಳು, ಸುಮಾರು 4 ಕೋಟಿ ಬಣ್ಣದ ಗಾಜಿನ ಚೂರುಗಳು. ಆ ಚಿತ್ರಗಳು ಹೊಸದಾಗಿ ಕಲ್ಪಿಸಿದ್ದಲ್ಲ. ಸರ್ಬಿಯಾದ ಅರವತ್ತು ಹಳೇ ಚರ್ಚು, ಮಠಗಳ ಗೋಡೆ ಚಿತ್ರಗಳನ್ನ ನೋಡಿ ನಕಲು ಮಾಡಿದ್ದು. ಆ ನಕಲು ಮಾಡಿದವರಲ್ಲಿ ವಲಸೆ ಬಂದ ರಷ್ಯನ್ ಕಲಾವಿದರಿದ್ದರು. ಅಂದ್ರೆ ಸರ್ಬರ ಹಳೇ ಚಿತ್ರವನ್ನ ರಷ್ಯನ್ನರು ಮಠಗಳ ಗೋಡೆ ಮುಂದೆ ನಿಂತು ಕಾಗದಕ್ಕೆ ಇಳಿಸಿದರು. ಗಾಜಿನ ಕೆಲಸ ಮಾಡಿದ್ದು ಬರ್ಲಿನ್ನಿನ ಕಂಪನಿ. ಈಗ ಹೇಳಿ, ಇದು ಯಾರ ಚರ್ಚು?

ಬೆಣ್ಣೆದೋಸೆ ಬಸಣ್ಣ
ಬರ್ಲಿನ್ನಿನವರದು 😀 ಬಿಲ್ ಮಾಡಿದವರದೇ ಅಲ್ವಾ ಕೊನೆಗೆ

ಪುತ್ತೂರ್ ಪಯಣಿಗ
ಗೀತಾ ಮೇಡಂ, ಬೇಜಾರೇನೂ ಇಲ್ಲ, ಇನ್ನೂ ಬರೀರಿ. ಆ ಪುಟ್ಟ ಬಿಳಿ ಚರ್ಚಿನ ಕಥೆ ಏನು?

ಗೀತಾ, ಮೈಸೂರು
ಅದು ಹೋಲಿ ಟ್ರಿನಿಟಿ. 1924ರಲ್ಲಿ ವಲಸಿಗರು ತಮಗೋಸ್ಕರ ಕಟ್ಟಿಕೊಂಡದ್ದು, ನಕ್ಷೆ ವಲೇರಿ ಸ್ಟಾಷೆವ್‌ಸ್ಕಿ ಅವರದು. ಕ್ರಾಂತಿಯ ವಿರುದ್ಧ ಹೋರಾಡಿದ ಬಿಳಿ ಸೈನ್ಯದ ಜನರಲ್ ವ್ರಾಂಗೆಲ್ ಸಮಾಧಿ ಅದರೊಳಗಿದೆ. ಅವರು ತೀರಿಕೊಂಡಿದ್ದು ಬ್ರಸೆಲ್ಸಿನಲ್ಲಿ 1928ರಲ್ಲಿ. ಮರುವರ್ಷ ಇಲ್ಲಿಗೆ ತಂದರು. 1999ರಲ್ಲಿ ನೇಟೊ ಪಕ್ಕದ ಟಿವಿ ಕಟ್ಟಡಕ್ಕೆ ಬಾಂಬ್ ಹಾಕಿದಾಗ ಚರ್ಚಿಗೂ ಪೆಟ್ಟು ಬಿತ್ತು.

ದೊಡ್ಡ ಸೇಂಟ್ ಮಾರ್ಕ್ ಅದಾದ ಮೇಲೆ ಎದ್ದದ್ದು, 1931ರಿಂದ 40ರವರೆಗೆ. ಕ್ರಿಸ್ತಿಚ್ ಅಣ್ಣತಮ್ಮಂದಿರು, ಪೆತಾರ್ ಮತ್ತು ಬ್ರಾಂಕೊ, ಕಟ್ಟಿದ್ದು. ಕೊಸೊವೊದ ಗ್ರಾಚಾನಿತ್ಸಾ ಮಠವನ್ನ ನೋಡಿ ದೊಡ್ಡದು ಮಾಡಿದ್ದಾರೆ. ಗ್ರಾಚಾನಿತ್ಸಾ 1321ರದು, ಸರ್ಬರ ಹಳೇ ರಾಜ್ಯದ ಕಾಲದ್ದು. ಹಾಗಾಗಿ ನೀವು ನೋಡಿದ ಜಗಳ ಮತದ್ದಲ್ಲ, ನೆನಪಿನದು. ಒಬ್ಬರು ಬಿಟ್ಟುಬಂದ ಊರಿನ ಹಾಗೆ ಕಟ್ಟಿಕೊಂಡರು, ಇನ್ನೊಬ್ಬರು ಕಳಕೊಂಡ ರಾಜ್ಯದ ಹಾಗೆ.

ರಾಮಣ್ಣ ಮಾಸ್ಕೋ
ಸ್ಟಾಷೆವ್‌ಸ್ಕಿ ಹೆಸರು ಕೇಳಿ ಬರೀಬೇಕು ಅನ್ನಿಸಿತು. ನಾನು ಎಂಬತ್ತರ ದಶಕದಲ್ಲಿ ಮಾಸ್ಕೋದಲ್ಲಿ ಓದಿದವನು. ಕೆಂಪು ಚೌಕಕ್ಕೆ ಹೋಗುವ ದಾರಿ ಆಗ ಬಟಾಬಯಲು. ಅಲ್ಲಿ ಒಂದು ಜೋಡಿ ಬಾಗಿಲ ಗೋಪುರ ಇತ್ತು, ಅದರ ಮುಂದೆ ಇವೆರ್‌ಸ್ಕಾಯಾ ಅನ್ನೋ ಪುಟ್ಟ ಪ್ರಾರ್ಥನಾ ಗುಡಿ ಇತ್ತು ಅಂತ ಹಾಸ್ಟೆಲಿನ ಅಡುಗೆ ಅಜ್ಜಿ ಹೇಳ್ತಿದ್ದಳು. ಅದನ್ನ 1929ರಲ್ಲಿ ಕೆಡವಿದ್ದರು. ಸೈನ್ಯದ ಮೆರವಣಿಗೆಗೆ ದಾರಿ ಬೇಕಲ್ಲ, ಆಮೇಲೆ ಬಾಗಿಲೂ ಹೋಯಿತು. ಅಜ್ಜಿ ಬೆರಳಲ್ಲಿ ಗಾಳಿಯಲ್ಲೇ ಗೆರೆ ಎಳೆದು ಅದರ ಆಕಾರ ತೋರಿಸ್ತಿದ್ದಳು.

ಎಷ್ಟೋ ವರ್ಷದ ಮೇಲೆ ಮಗಳ ಜತೆ ಬೆಲ್‌ಗ್ರೇಡಿಗೆ ಹೋದೆ. ಅಲ್ಲಿನ ಹೊಸ ಸ್ಮಶಾನದ ರಷ್ಯನ್ ಭಾಗದಲ್ಲಿ ಅದೇ ಗುಡಿ ನಿಂತಿದೆ! ಮಾಸ್ಕೋದಲ್ಲಿ ಕೆಡವಿದ್ದು ಕೇಳಿ ಅಲ್ಲಿನ ರಷ್ಯನ್ನರು 1931ರ ಹೊತ್ತಿಗೆ ಅದರ ಮಾದರಿಯಲ್ಲಿ ಕಟ್ಟಿದ್ದಂತೆ, ನಕ್ಷೆ ಇದೇ ಸ್ಟಾಷೆವ್‌ಸ್ಕಿ ಅವರದು. ಮಾಸ್ಕೋದಲ್ಲಿ ಮತ್ತೆ ಎಬ್ಬಿಸಿದ್ದು 1995ರ ಹೊತ್ತಿಗೆ. ಅರವತ್ತು ವರ್ಷ ಮೂಲ ಇರಲಿಲ್ಲ, ನಕಲು ಇತ್ತು. ಸರ್ಬರು ಜಾಗ ಕೊಟ್ಟಿದ್ದಕ್ಕೆ ತಾನೇ ಅದು ಉಳಿದದ್ದು. ಇದೂ ಸಹಕಾರವೇ ಅಲ್ವಾ?

ನೇರ ಮಾತು
ಅದು ಸಹಕಾರ ಅಲ್ಲ ರಾಮಣ್ಣ, ಆಶ್ರಯ. ಎರಡಕ್ಕೂ ವ್ಯತ್ಯಾಸ ಇದೆ. ಆದರೆ ಕಥೆ ಚೆನ್ನಾಗಿದೆ, ಒಪ್ಪಿದೆ.

ಈರುಳ್ಳಿ ಈರಣ್ಣ
ನನಗೆ ತಿಳಿದ ಮಟ್ಟಿಗೆ ಸುಲಭ ಲೆಕ್ಕ: ಈರುಳ್ಳಿ ಆಕಾರದ ಗುಮ್ಮಟ ಇದ್ದರೆ ರಷ್ಯಾದ್ದು, ಇಲ್ಲದಿದ್ದರೆ ಅಲ್ಲ.

ಕಟ್ಟಡದ ಹುಚ್ಚ
ಹೆಸರಿಗೆ ತಕ್ಕ ಕಾಮೆಂಟು ಅಣ್ಣಾ. ಆದರೆ ಹಾಗಿಲ್ಲ. ರಷ್ಯಾದ ಹಳೇ ಊರು ನವ್‌ಗೊರೊದ್‌ನ ಚರ್ಚುಗಳ ಗುಮ್ಮಟ ಸೈನಿಕನ ಶಿರಸ್ತ್ರಾಣದ ಹಾಗಿರುತ್ತೆ, ಈರುಳ್ಳಿ ಅಲ್ಲ. ಸರ್ಬರಲ್ಲೂ ಒಂದೇ ಶೈಲಿ ಇಲ್ಲ. ಸ್ತುದೆನಿತ್ಸಾ ಮಠ ನೋಡಿದರೆ ಹೊರಗೆ ಅಮೃತಶಿಲೆ, ಇಟಲಿ ಕಡೆಯ ಕೈಚಳಕ. ಗ್ರಾಚಾನಿತ್ಸಾದಲ್ಲಿ ಕಲ್ಲು, ಇಟ್ಟಿಗೆ ಸಾಲು ಸಾಲು, ಐದು ಗುಮ್ಮಟ. ಆಮೇಲಿನ ಮೊರಾವಾ ಕಣಿವೆಯ ರಾವಾನಿತ್ಸಾ, ಕಾಲೆನಿಚ್ ಇವೆಲ್ಲ ಹೊರಗೋಡೆಯ ಮೇಲೆ ಕೆತ್ತನೆ, ಹೂಬಳ್ಳಿ. ಇದನ್ನೆಲ್ಲ ಕಲಿತು 'ಸರ್ಬಿಯನ್' ಶೈಲಿ ಅಂತ ಮತ್ತೆ ಹುಟ್ಟಿಸಿದವರಲ್ಲಿ ಮೊದಲಿಗರು ವಿಯೆನ್ನಾದಲ್ಲಿ ಥಿಯೊಫಿಲ್ ಹಾನ್ಸೆನ್ ಹತ್ತಿರ ಓದಿಬಂದ ಹುಡುಗರು. ಹಾನ್ಸೆನ್ ಡೆನ್ಮಾರ್ಕಿನವರು. ಶುದ್ಧ ಶೈಲಿ ಹುಡುಕಿಕೊಂಡು ಹೋದರೆ ಎಲ್ಲೂ ಸಿಗಲ್ಲ.

ಬ್ರಹ್ಮಾವರದ ಬಾಬು
ಒಂದು ಡೌಟು. ನಮ್ಮ ಬ್ರಹ್ಮಾವರದಲ್ಲೂ ಆರ್ಥೊಡಾಕ್ಸ್ ಚರ್ಚು ಇದೆಯಲ್ಲ, ಕೇರಳದ ಕಡೆಯೂ ತುಂಬ ಇದೆ. ಇವರೂ ರಷ್ಯಾ, ಸರ್ಬಿಯಾದವರೂ ಒಂದೇನಾ? ನಮ್ಮಲ್ಲಿ ಇಂಥ ಗುಮ್ಮಟ ನೋಡಿದ್ದು ನೆನಪಿಲ್ಲ.

ಗೀತಾ, ಮೈಸೂರು
ಹೆಸರು ಒಂದೇ, ಮನೆ ಬೇರೆ. 451ರಲ್ಲಿ ಕಾಲ್ಸೆಡಾನ್ ಸಭೆಯಲ್ಲಿ ಕ್ರಿಸ್ತನ ಸ್ವಭಾವದ ಬಗ್ಗೆ ವಾದ ಎದ್ದು ಎರಡು ಕವಲಾಯಿತು. ಬ್ರಹ್ಮಾವರ, ಕೇರಳದವರದು ಸಿರಿಯಾದ ಪರಂಪರೆಯ ಕವಲು. ರಷ್ಯಾ, ಸರ್ಬಿಯಾ, ಗ್ರೀಸಿನವರದು ಬೈಜಾಂಟಿಯಂ, ಅಂದ್ರೆ ಈಗಿನ ಇಸ್ತಾಂಬುಲಿನ ಹಳೇ ಸಾಮ್ರಾಜ್ಯದ ಕವಲು. ಗುಮ್ಮಟದ ಹುಚ್ಚು ಅವರಿಗೆ ಇಸ್ತಾಂಬುಲಿನ ಹಾಗಿಯಾ ಸೋಫಿಯಾದಿಂದ ಬಂದದ್ದು. ಸೇಂಟ್ ಸಾವಾ ಕೂಡ ಅದನ್ನೇ ಮನಸ್ಸಲ್ಲಿಟ್ಟು ಕಟ್ಟಿದ್ದು. "ನಮ್ಮ ಹಳೇ ಮಠಗಳ ಮಾದರಿ ಬಿಟ್ಟು ಅದ್ಯಾಕೆ" ಅಂತ ಸರ್ಬರೇ 1930ರ ದಶಕದಲ್ಲಿ ಜಗಳ ಆಡಿದ್ದರು.

ಬ್ರಹ್ಮಾವರದ ಬಾಬು
ಥ್ಯಾಂಕ್ಸ್ ಅಕ್ಕಾ. ಅಮ್ಮನಿಗೆ ಹೇಳ್ತೇನೆ.

ಕನಕಪುರ ರೋಡ್
ವಿಷಯ ಸ್ವಲ್ಪ ಆಚೆ. ಬೆಂಗಳೂರಿನ ತಾತಗುಣಿ ಎಸ್ಟೇಟ್ ಗೊತ್ತಲ್ಲ, ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಮತ್ತು ನಟಿ ದೇವಿಕಾ ರಾಣಿ ಅವರದು. ಸ್ವೆತೊಸ್ಲಾವ್ ಅಪ್ಪ ನಿಕೊಲಾಯ್ ರೋರಿಕ್ ಕುಲ್ಲುವಿನಲ್ಲಿ ನೆಲೆಸೋ ಮೊದಲು ರಷ್ಯಾದಲ್ಲಿ ಚರ್ಚುಗಳಿಗೆ ಮೊಸಾಯಿಕ್ ಚಿತ್ರ ಬಿಡಿಸಿಕೊಡ್ತಿದ್ದವರು. ತಲಾಷ್ಕಿನೋದ ಚರ್ಚಿನ ಮುಖದ ಮೇಲೆ ಈಗಲೂ ಇದೆ. ಹಿಮಾಲಯದ ಚಿತ್ರ ನೋಡಿದವರಿಗೆ ಇದು ಗೊತ್ತೇ ಇರಲ್ಲ.

ಸೆಂಟ್ರಿಂಗ್ ಸೀನ
ತಾತಗುಣಿಗೆ ಬಂದುಬಿಟ್ರಾ! ಇನ್ನು ಐದು ಕಾಮೆಂಟಿಗೆ ಸಿಲ್ಕ್ ಬೋರ್ಡ್ ಟ್ರಾಫಿಕ್ ಬರುತ್ತೆ ನೋಡಿ.

ನೇರ ಮಾತು
ಮೂಲ ಪ್ರಶ್ನೆಗೆ ವಾಪಸ್ ಬರೋಣ. ಗೀತಾ ಅವರು ಹೇಳಿದ್ದೆಲ್ಲ ಒಂದೇ ದಿಕ್ಕಿನದು. ರಷ್ಯಾದವರು ಬಂದರು, ರಷ್ಯಾದವರು ಬಿಡಿಸಿದರು, ರಷ್ಯಾದವರು ದುಡ್ಡು ಕೊಟ್ಟರು. ದೊಡ್ಡವರು ಚಿಕ್ಕವರಿಗೆ ಕೊಡೋದನ್ನ ಸಹಕಾರ ಅನ್ನಲ್ಲ. ಸರ್ಬರು ರಷ್ಯಾಕ್ಕೆ ಏನು ಕೊಟ್ಟಿದ್ದಾರೆ?

ಗೀತಾ, ಮೈಸೂರು
ಕೇಳಿದ್ದು ಒಳ್ಳೇದಾಯಿತು. 1404ರಲ್ಲಿ ಮಾಸ್ಕೋ ಕ್ರೆಮ್ಲಿನ್ನಿನಲ್ಲಿ ಮೊದಲ ಯಂತ್ರದ ಗಡಿಯಾರ ನಿಲ್ಲಿಸಿದ್ದು ಲಾಜಾರ್ ಅನ್ನೋ ಸರ್ಬಿಯನ್ ಸನ್ಯಾಸಿ.

ಅದಕ್ಕಿಂತ ಹಿಂದಿನದು ನವ್‌ಗೊರೊದ್ ಹತ್ತಿರದ ಕೊವಾಲ್ಯೊವೊ ಚರ್ಚು. ಅದರೊಳಗೆ 1380ರಲ್ಲಿ ಬಿಡಿಸಿದ ಗೋಡೆಚಿತ್ರಗಳಿದ್ದವು. ಶೈಲಿ ನೋಡಿ ಅದು ಸರ್ಬಿಯಾ ಕಡೆಯಿಂದ ಬಂದವರ ಕೈ ಅಂತ ಅನೇಕ ವಿದ್ವಾಂಸರು ಹೇಳ್ತಾರೆ. ಎರಡನೇ ಮಹಾಯುದ್ಧದಲ್ಲಿ ಶೆಲ್ ಬಿದ್ದು ಚರ್ಚು ಕಲ್ಲಿನ ರಾಶಿಯಾಯಿತು. ಇಪ್ಪತ್ತು ವರ್ಷದ ಮೇಲೆ ಅಲೆಕ್ಸಾಂಡರ್ ಗ್ರೆಕೊವ್ ಮತ್ತು ಅವರ ಹೆಂಡತಿ ವಲೆಂತಿನಾ ಆ ರಾಶಿಯನ್ನ ಜರಡಿ ಹಿಡಿಯೋಕೆ ಕೂತರು. ಬಣ್ಣ ಇರುವ ಗಾರೆಯ ಚೂರುಗಳನ್ನ ಆರಿಸಿ, ಹೊಂದಿಸಿ, ಚಿತ್ರ ಮತ್ತೆ ಕೂಡಿಸಿದರು. ಹೆಚ್ಚಿನವು ಉಗುರಿನಷ್ಟು ಚಿಕ್ಕವು. ದಶಕಗಟ್ಟಲೆ ಅದೇ ಕೆಲಸ. ಸರ್ಬರ ಕುಂಚದ್ದು ಅನ್ನೋ ಚಿತ್ರಕ್ಕೆ ರಷ್ಯನ್ ಗಂಡಹೆಂಡಿರು ಬದುಕನ್ನೇ ಕೊಟ್ಟರು.

ಇನ್ನೂ ಹಿಂದೆ ಹೋದರೆ ಸರ್ಬರ ಚರ್ಚಿಗೆ ಬುನಾದಿ ಹಾಕಿದ ಸಂತ ಸಾವಾ ಅವರೇ. ರಾಜಕುಮಾರ ರಾಸ್ತ್ಕೊ ಆಗಿದ್ದಾಗ ಮನೆಬಿಟ್ಟು ಓಡಿಹೋದದ್ದು ಒಬ್ಬ ರಷ್ಯನ್ ಸನ್ಯಾಸಿಯ ಜತೆ. ಗ್ರೀಸಿನಲ್ಲಿ ಮಠಗಳೇ ತುಂಬಿರುವ ಅಥೋಸ್ ಬೆಟ್ಟದಲ್ಲಿ ಮೊದಲು ತಲೆ ಬೋಳಿಸಿಕೊಂಡದ್ದು ರಷ್ಯನ್ನರ ಮಠದಲ್ಲಿ.

ನೇರ ಮಾತು
ಕೊವಾಲ್ಯೊವೊ ಕಥೆಗೆ ನಾನು ಸೋತೆ. ಗ್ಯಾಸ್ ಕಂಪನಿ ವಿಷಯದಲ್ಲಿ ಸೋಲಲಿಲ್ಲ.

ಕಟ್ಟಡದ ಹುಚ್ಚ
ನಿಮಗೆ ಇನ್ನೊಂದು ಉದಾಹರಣೆ. ಬೆಲ್‌ಗ್ರೇಡಿನ ದೊರ್ಚೊಲ್ ಬಡಾವಣೆಯ ಅಲೆಕ್ಸಾಂಡರ್ ನೆವ್‌ಸ್ಕಿ ಚರ್ಚು. ಸಂತ ರಷ್ಯಾದವನು. 1876ರಲ್ಲಿ ತುರ್ಕರ ವಿರುದ್ಧ ಯುದ್ಧಕ್ಕೆ ಬಂದ ರಷ್ಯನ್ ಸ್ವಯಂಸೇವಕರ ಡೇರೆ ಚರ್ಚಿನಿಂದ ಆ ಹೆಸರು ಬಂತು. ಈಗಿನ ಕಟ್ಟಡದ ನಕ್ಷೆ ಯೆಲಿಸಾವೆತಾ ನಾಚಿಚ್ ಅವರದು, ಸರ್ಬಿಯಾದ ಮೊದಲ ಮಹಿಳಾ ವಾಸ್ತುಶಿಲ್ಪಿ. 1912ರಲ್ಲಿ ಶುರು, ಯುದ್ಧ ಬಂದು ನಿಂತಿತು. 1920ರ ದಶಕದ ಕೊನೆಗೆ ಮುಗಿಸುವಾಗ ಕೆಲಸ ನೋಡಿಕೊಂಡವರು ಸರ್ಬ ಪೆತಾರ್ ಪೊಪೊವಿಚ್ ಮತ್ತು ರಷ್ಯನ್ ವಸೀಲಿ ಅಂದ್ರೊಸೊವ್. ಅಂದ್ರೊಸೊವ್ ಸರ್ಬಿಯಾದ ಎಷ್ಟೋ ಊರುಗಳಲ್ಲಿ ಚರ್ಚು ಕಟ್ಟಿದ್ದಾರೆ, ಎಲ್ಲ ಸರ್ಬಿಯನ್ ಶೈಲಿಯಲ್ಲೇ. ಊರವರಿಗೆ ಅದು ನಮ್ಮೂರ ಚರ್ಚು, ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, ಮುಖಿನ್ ಮೊಸಾಯಿಕ್ಕಿಗಿಂತ ಈ ಅಂದ್ರೊಸೊವ್ ತರದ ಕೆಲಸವೇ ನಿಜವಾದ ಸಹಕಾರ. ಇದರಲ್ಲಿ ಟಿವಿ ಕ್ಯಾಮೆರಾ ಇಲ್ಲ, ಮಂತ್ರಿ ಇಲ್ಲ. ಸಂಬಳಕ್ಕೆ ಕೂತ ಮನುಷ್ಯ ಇನ್ನೊಬ್ಬರ ಭಾಷೆ ಕಲಿತ ಹಾಗೆ ಇನ್ನೊಬ್ಬರ ಕಮಾನು ಕಲಿತ.

ಗೀತಾ, ಮೈಸೂರು
ಅರ್ಧ ಒಪ್ಪುತ್ತೇನೆ. ಮುಖಿನ್ ತಂಡದಲ್ಲೂ ಸರ್ಬಿಯನ್ ಕಲಾವಿದರಿದ್ದರು, ಅವರನ್ನ ಮರೀಬೇಡಿ. ಅಟ್ಟಣಿಗೆ ಮೇಲೆ ನಿಂತು ಕತ್ತು ನೋಯಿಸಿಕೊಂಡವರಿಗೆ ಗ್ಯಾಸ್ ಬೆಲೆ ಕಟ್ಕೊಂಡು ಏನಾಗಬೇಕು.

ಸೆಂಟ್ರಿಂಗ್ ಸೀನ
ಬೆಲ್‌ಗ್ರೇಡಿನ ಕಲೆಮೆಗ್ದಾನ್ ಕೋಟೆಯಲ್ಲಿ ರುಝಿತ್ಸಾ ಅಂತ ಚಿಕ್ಕ ಚರ್ಚು ಇದೆ. ತೂಗುದೀಪಗಳನ್ನ ಮೊದಲ ಮಹಾಯುದ್ಧದ ಗುಂಡಿನ ಖಾಲಿ ಕೋಶ, ಕತ್ತಿ ಸೇರಿಸಿ ಮಾಡಿದ್ದಾರೆ. ಗೋಡೆ ಚಿತ್ರ ಬಿತ್ಸೆಂಕೊ ಅನ್ನೋ ರಷ್ಯನ್‌ದು. ಪಯಣಿಗ ಅವರೇ, ನೋಡಿದ್ರಾ?

ಪುತ್ತೂರ್ ಪಯಣಿಗ
ಕೋಟೆಗೆ ಹೋಗಿದ್ದೆ. ಬಾಗಿಲ ತನಕ ಹೋಗಿ, ಹಸಿವಾಗ್ತಿದೆ ಅಂತ ಬುರೆಕ್ ತಿನ್ನೋಕೆ ವಾಪಸ್ ಬಂದೆ. ಈಗ ಹೊಟ್ಟೆ ಉರೀತಿದೆ.

ಬೆಣ್ಣೆದೋಸೆ ಬಸಣ್ಣ
ಬುರೆಕ್ ಹೆಂಗಿತ್ತು? ಅದನ್ನ ಮೊದಲು ಹೇಳಿ.

ಪುತ್ತೂರ್ ಪಯಣಿಗ
ಚೀಸ್ ಹಾಕಿದ್ದು ಚೆನ್ನಾಗಿತ್ತು. ಎಣ್ಣೆ ಜಾಸ್ತಿ. ಪಕ್ಕದಲ್ಲಿ ಕುಡಿಯೋಕೆ ಮೊಸರು ಕೊಡ್ತಾರೆ, ಅದು ನಮಗೆ ಸರಿಹೋಗುತ್ತೆ.

ಹೊಸಬಳು
ಈಗಲೂ ವೀಸಾ ಇಲ್ಲದೆ ಹೋಗಬಹುದಾ? ಓದಿ ಆಸೆ ಆಯಿತು.

ರಾಮಣ್ಣ ಮಾಸ್ಕೋ
ಇಲ್ಲಮ್ಮ. 2023ರ ಜನವರಿಯಿಂದ ಆ ರಿಯಾಯಿತಿ ತೆಗೆದರು. ಹೊರಡುವ ಮೊದಲು ಈಗಿನ ನಿಯಮ ನೋಡಿಕೋ.

ಪುತ್ತೂರ್ ಪಯಣಿಗ
ಎಲ್ಲರಿಗೂ ಧನ್ಯವಾದ. ಒಂದು ಕೆಲಸ ಮಾಡಿದೆ. ನಿನ್ನೆ ಆ ಮನೆ ಯಜಮಾನರಿಗೆ ಮೆಸೇಜ್ ಕಳಿಸಿದೆ. "ಕ್ರಾಸ್ನೋವ್, ಅಂದ್ರೊಸೊವ್, ಸ್ಟಾಷೆವ್‌ಸ್ಕಿ ಇವರೆಲ್ಲ ರಷ್ಯನ್ನರೇ ಅಲ್ವಾ, ನೀವು ಒಂದು ಇಟ್ಟಿಗೆಯೂ ಇಲ್ಲ ಅಂದ್ರಿ" ಅಂತ ಚುಚ್ಚಿದೆ. ಈಗ ಉತ್ತರ ಬಂತು: "ಅವರು ರಷ್ಯನ್ನರಲ್ಲ, ನಮ್ಮ ರಷ್ಯನ್ನರು."

ನೇರ ಮಾತು
ಹ್ಹಹ್ಹ. ಗಾಜ್‌ಪ್ರೊಮ್ ಬಗ್ಗೆ ಕೇಳಿ ನೋಡಿ.

ಪುತ್ತೂರ್ ಪಯಣಿಗ
ಕೇಳಿದೆ. ಓದಿದ್ದಾರೆ, ಎರಡು ನೀಲಿ ಟಿಕ್ ಬಂದಿದೆ. ಉತ್ತರ ಇನ್ನೂ ಇಲ್ಲ.